ಉಡುಪಿಯ ಮನೆಗೆ ಮೂರು ಕಡೆಯಿಂದ ಬೆಲೆ ಬಂದಿದೆ: ಯಾರಿಗೆ, ಯಾವ ಕ್ರಮದಲ್ಲಿ ಉತ್ತರ ಕೊಡಬೇಕು?

ಪ್ರಶ್ನೆ: ಕುಂಜಿಬೆಟ್ಟು ನಿವಾಸಿ

ಎಲ್ಲರಿಗೂ ನಮಸ್ಕಾರ. ಉಡುಪಿಯ ಕುಂಜಿಬೆಟ್ಟಿನ ಒಂದು ಒಳರಸ್ತೆಯಲ್ಲಿ ನಮ್ಮ ತಾಯಿಯವರ ಹೆಸರಿನಲ್ಲಿದ್ದ 12 ಸೆಂಟ್ಸ್ ಜಾಗವನ್ನೂ ಅದರಲ್ಲಿರುವ ಕೆಂಪುಕಲ್ಲಿನ ಹಂಚಿನ ಮನೆಯನ್ನೂ ಮಾರುವುದೆಂದು ನಾವು ಮೂವರು ಮಕ್ಕಳು ತೀರ್ಮಾನಿಸಿದ್ದೇವೆ. 1980ರ ದಶಕದಲ್ಲಿ ಕುಟುಂಬದ ಪಾಲಿನಲ್ಲಿ ತಾಯಿಗೆ ಬಂದ ಜಾಗ ಇದು. ಅವರು ತೀರಿಕೊಂಡ ಮೇಲೆ ಖಾತೆ ಮೂವರ ಹೆಸರಿಗೂ ಜಂಟಿಯಾಗಿ ಬಂದಿದೆ, ನಗರಸಭೆಯ ಇ-ಖಾತೆಯೂ ಆಗಿದೆ. ಅಕ್ಕ ಮುಂಬಯಿಯಲ್ಲಿದ್ದಾರೆ, ತಮ್ಮ ದುಬೈಯಲ್ಲಿದ್ದಾನೆ. ಊರಿನಲ್ಲಿ ಇರುವವನು ನಾನೊಬ್ಬನೇ ಆದ್ದರಿಂದ ಮನೆ ತೋರಿಸುವುದು, ಬ್ರೋಕರ್ ಜೊತೆ ಮಾತನಾಡುವುದು ಎಲ್ಲವೂ ನನ್ನ ಪಾಲಿಗೆ ಬಂದಿದೆ.

ಈಗ ಮೂವರು ಬೆಲೆ ಹೇಳಿದ್ದಾರೆ. ಮಣಿಪಾಲದಲ್ಲಿ ಉದ್ಯೋಗದಲ್ಲಿರುವ ದಂಪತಿ 1 ಕೋಟಿ 12 ಲಕ್ಷ ಎಂದಿದ್ದಾರೆ. ಆದರೆ ಹೆಚ್ಚಿನ ಪಾಲು ಬ್ಯಾಂಕ್ ಸಾಲದಿಂದ ಬರಬೇಕು, 90 ದಿನಗಳ ಅವಧಿ ಬೇಕು, ಆಟಿ ತಿಂಗಳು (ಶುಭಕಾರ್ಯ ಮಾಡದ ತುಳು ತಿಂಗಳು) ಕಳೆದ ಮೇಲೆಯೇ ಕರಾರು ಮಾಡಿಕೊಳ್ಳೋಣ ಎಂದು ಅವರ ಮನೆಯ ಹಿರಿಯರು ಹೇಳುತ್ತಿದ್ದಾರೆ. ಎರಡನೆಯವರು ವ್ಯಾಪಾರಸ್ಥರು, 1 ಕೋಟಿ 2 ಲಕ್ಷ ಕೊಟ್ಟು ಮೂರು ವಾರದೊಳಗೆ ನೋಂದಣಿ ಮಾಡಿಸಿಕೊಳ್ಳುತ್ತಾರಂತೆ, ಆದರೆ ಕ್ರಯಪತ್ರದಲ್ಲಿ 67 ಲಕ್ಷ ಮಾತ್ರ ಕಾಣಿಸಬೇಕು, ಉಳಿದ 35 ಲಕ್ಷ ಕ್ಯಾಶ್. ಮೂರನೆಯವರು ನಮ್ಮ ಪಕ್ಕದ ಜಾಗದವರು. 1 ಕೋಟಿ 5 ಲಕ್ಷ, ಎಲ್ಲವೂ ಬ್ಯಾಂಕಿನ ಮೂಲಕ. ಆದರೆ 20 ಲಕ್ಷ ಕೊಟ್ಟ ಕೂಡಲೇ ಕೀಲಿಕೈ ಬೇಕು, ಮಳೆ ಮುಗಿಯುತ್ತಲೇ ಮಾಡು (ಛಾವಣಿ) ರಿಪೇರಿ ಮಾಡಿಸಬೇಕು, ಉಳಿದ ಹಣವನ್ನು 11 ತಿಂಗಳಲ್ಲಿ ಕಂತುಗಳಾಗಿ ಕೊಡುತ್ತೇನೆ ಎನ್ನುತ್ತಾರೆ.

ಮಣಿಪಾಲದವರನ್ನು ಕರೆತಂದ ಬ್ರೋಕರ್ ಒಂದು ಲಕ್ಷ ಟೋಕನ್ ತೆಗೆದುಕೊಳ್ಳಲು ದಿನವೂ ಒತ್ತಾಯಿಸುತ್ತಿದ್ದಾರೆ. "ಪಾರ್ಟಿ ಒಮ್ಮೆ ಬಿಟ್ರೆ ಮತ್ತೆ ಸಿಗ್ಲಿಕ್ಕಿಲ್ಲ ಮಾರಾಯ್ರೆ" ಎನ್ನುವುದು ಅವರ ಮಾತು. ಟೋಕನ್ ತೆಗೆದುಕೊಂಡು ಉಳಿದ ಇಬ್ಬರೊಡನೆ ಮಾತು ಮುಂದುವರಿಸಬಹುದೇ? ಒಬ್ಬರು ಹೇಳಿದ ಬೆಲೆಯನ್ನು ಇನ್ನೊಬ್ಬರಿಗೆ ತಿಳಿಸುವುದು ಸರಿಯೇ? ಜಾಗದ ನೈಋತ್ಯ ಮೂಲೆಯಲ್ಲಿ ನಮ್ಮ ಕುಟುಂಬದ ನಾಗಬನವಿದೆ. ನಾಗರ ಪಂಚಮಿಗೆ ಬಂದು ತನು (ಹಾಲು, ಎಳನೀರು) ಎರೆಯುವ ಅವಕಾಶ ನಮಗೆ ಉಳಿಯಬೇಕು ಎಂಬುದು ಅಕ್ಕನ ಷರತ್ತು. ಅದನ್ನು ಯಾವ ಹಂತದಲ್ಲಿ ಹೇಳಬೇಕೆಂಬುದೂ ನನಗೆ ತಿಳಿಯುತ್ತಿಲ್ಲ.

ಉತ್ತರ 1: ನಿವೃತ್ತ ಬ್ಯಾಂಕ್ ಉದ್ಯೋಗಿ, ಅಂಬಲಪಾಡಿ

ಸಾಲ ವಿಭಾಗದಲ್ಲಿ ಕುಳಿತು ನೋಡಿದವನಾಗಿ ನಾನು ಮೊದಲ ಪ್ರಸ್ತಾವದ ಬಗ್ಗೆ ಮಾತ್ರ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮೂರರಲ್ಲಿ ಅತ್ಯಂತ ದೊಡ್ಡ ಅಂಕಿ ಅದರದ್ದು, ಮತ್ತು ಆ ಅಂಕಿ ನಿಮ್ಮ ಕೈಗೆ ಬರುತ್ತದೋ ಇಲ್ಲವೋ ಎಂಬುದು ಕೊಳ್ಳುವವರ ಒಳ್ಳೆಯತನಕ್ಕಿಂತ ಬ್ಯಾಂಕಿನ ಮೌಲ್ಯಮಾಪಕರ ವರದಿಯನ್ನು ಅವಲಂಬಿಸಿದೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 75 ಲಕ್ಷ ರೂಪಾಯಿಗಿಂತ ಹೆಚ್ಚಾದರೆ, ಬ್ಯಾಂಕು ಆಸ್ತಿಯ ಮೌಲ್ಯದ ಶೇಕಡಾ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. 1 ಕೋಟಿ 12 ಲಕ್ಷಕ್ಕೆ ಅದು 84 ಲಕ್ಷ. ಉಳಿದ 28 ಲಕ್ಷವನ್ನು ಆ ದಂಪತಿ ಸ್ವಂತವಾಗಿ ಹೊಂದಿಸಬೇಕು. ಅದರ ಮೇಲೆ ನೋಂದಣಿಯ ಖರ್ಚಿದೆ: ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇಕಡಾ 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡಾ 1ರ ಬದಲು 2. ಒಟ್ಟು ಸುಮಾರು ಎಂಟೂವರೆ ಲಕ್ಷ, ಇದಕ್ಕೆ ಸಾಲ ಸಿಗುವುದಿಲ್ಲ. ಅಂದರೆ ಎಲ್ಲವೂ ಅಂದುಕೊಂಡಂತೆ ನಡೆದರೂ ಅವರ ಬಳಿ ಮೂವತ್ತಾರೂವರೆ ಲಕ್ಷ ಸ್ವಂತ ಹಣ ಇರಬೇಕು.

ಆದರೆ ಹಳೆಯ ಹಂಚಿನ ಮನೆಯ ವಿಷಯದಲ್ಲಿ ಅಂದುಕೊಂಡಂತೆ ನಡೆಯುವುದು ಅಪರೂಪ. ಬ್ಯಾಂಕು ಶೇಕಡಾವಾರನ್ನು ಲೆಕ್ಕ ಹಾಕುವುದು ನಿಮ್ಮ ಬೆಲೆಯ ಮೇಲಲ್ಲ, ಬೆಲೆ ಮತ್ತು ತನ್ನ ಮೌಲ್ಯಮಾಪನ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ಮೌಲ್ಯಮಾಪಕರು ಮಾಡಿನ ಮರಗಳಾದ ಪಕ್ಕಾಸು-ರೀಪುಗಳನ್ನೂ ಗೋಡೆಯ ತೇವವನ್ನೂ ನೋಡಿ ಕಟ್ಟಡಕ್ಕೆ ತೀರ ಕಡಿಮೆ ಬೆಲೆ ಕಟ್ಟುತ್ತಾರೆ. ಮನೆಗೆ ಮಂಜೂರಾದ ನಕ್ಷೆ ಇಲ್ಲದಿದ್ದರೆ ಕೆಲವರು ಜಾಗದ ಮೌಲ್ಯವನ್ನಷ್ಟೇ ಹಿಡಿಯುತ್ತಾರೆ. ವರದಿಯಲ್ಲಿ 1 ಕೋಟಿ 4 ಲಕ್ಷ ಬಂತೆಂದಿಟ್ಟುಕೊಳ್ಳಿ, ಸಾಲ 78 ಲಕ್ಷಕ್ಕೆ ಇಳಿಯುತ್ತದೆ, ಕೊಳ್ಳುವವರು ಇನ್ನೂ ಆರು ಲಕ್ಷ ಹುಡುಕಬೇಕಾಗುತ್ತದೆ. ಎರಡು ತಿಂಗಳು ಕಳೆದ ಮೇಲೆ "ಸ್ವಲ್ಪ ಬೆಲೆ ಕಡಿಮೆ ಮಾಡಿ" ಎಂಬ ಮಾತು ಬರುವುದು ಬಹುಮಟ್ಟಿಗೆ ಈ ಕಾರಣಕ್ಕೆ, ಮೋಸದ ಉದ್ದೇಶದಿಂದಲ್ಲ. ಆ ಹೊತ್ತಿಗೆ ಉಳಿದ ಇಬ್ಬರು ಬೇರೆ ಕಡೆ ಹೋಗಿರುತ್ತಾರೆ.

ಆದ್ದರಿಂದ ಟೋಕನ್‌ಗಿಂತ ಮೊದಲು ಎರಡು ವಿಷಯ ಕೇಳಿ. ಅವರ ಸಂಬಳದ ಮೇಲೆ ಎಷ್ಟು ಸಾಲ ಸಿಗುತ್ತದೆಂದು ಬ್ಯಾಂಕು ಬರೆದುಕೊಟ್ಟಿದೆಯೇ? ಸ್ವಂತ ಪಾಲಿನ ಮೂವತ್ತಾರೂವರೆ ಲಕ್ಷ ಈಗ ಎಲ್ಲಿದೆ: ಠೇವಣಿಯಲ್ಲಿದೆಯೇ, ಭವಿಷ್ಯನಿಧಿಯಲ್ಲಿದೆಯೇ, ಅಥವಾ ಅವರೇ ಮಾರಬೇಕಾಗಿರುವ ಇನ್ನೊಂದು ಫ್ಲ್ಯಾಟಿನಲ್ಲಿದೆಯೇ? ಕೊನೆಯದಾದರೆ ನಿಮ್ಮ ವ್ಯವಹಾರ ಇನ್ನೊಂದು ವ್ಯವಹಾರದ ಬಾಲವಾಗುತ್ತದೆ. ಗಂಭೀರವಾಗಿ ಕೊಳ್ಳುವವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ. ದಾಖಲೆಗಳ ಒಂದು ನಕಲು ಕಂತೆಯನ್ನು (ಮೂಲ ದಸ್ತಾವೇಜು, ಪಾಲುಪಟ್ಟಿ, ಕನ್ವರ್ಷನ್ ಅಂದರೆ ಭೂಪರಿವರ್ತನೆಯ ಆದೇಶ, ಇ-ಖಾತೆ, ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ, ತೆರಿಗೆ ರಶೀದಿ) ಈಗಲೇ ಅವರಿಗೆ ಕೊಟ್ಟುಬಿಡಿ; ಆಟಿ ಕಳೆಯುವವರೆಗೆ ಕರಾರಿಗೆ ಕಾಯಬಹುದು, ಬ್ಯಾಂಕಿನ ವಕೀಲರ ಪರಿಶೀಲನೆಗೆ ಆಟಿಯ ಅಡ್ಡಿಯಿಲ್ಲ. ಹಳೆಯ ಪತ್ರಗಳಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಎಂದು ಎಲ್ಲಾದರೂ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ನಮ್ಮೆರಡು ಜಿಲ್ಲೆಗಳಲ್ಲಿ ಇದು ಆಗಾಗ ಎದುರಾಗುತ್ತದೆ. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡಲೆಂದೇ 2011ರಲ್ಲಿ ಕಾಯ್ದೆ ಬಂದಿದ್ದರೂ, ಆ ಪದ ಕಂಡರೆ ಬ್ಯಾಂಕಿನ ವಕೀಲರು ಅಲ್ಲಿಯೇ ನಿಂತು ಸ್ಪಷ್ಟನೆ ಕೇಳುತ್ತಾರೆ.

ಉತ್ತರ 2: ವಕೀಲರು, ಉಡುಪಿ

ಟೋಕನ್ ತೆಗೆದುಕೊಂಡು ಉಳಿದವರೊಡನೆ ಮಾತು ಮುಂದುವರಿಸಬಹುದೇ ಎಂದು ಕೇಳಿದ್ದೀರಿ. ಬೇಡ. ನಮ್ಮ ಕಾನೂನಿನಲ್ಲಿ ಸ್ಥಿರಾಸ್ತಿ ಮಾರುವ ಒಪ್ಪಂದ ಬಾಯಿಮಾತಿನದ್ದಾದರೂ ಜಾರಿಗೆ ಅರ್ಹವಾಗಬಲ್ಲದು. ಹೀಗಿರುವಾಗ ಬೆಲೆ ನಿಗದಿಯಾಗಿ, ಹಣ ಕೈ ಬದಲಾಗಿ, "ಓಕೆ, ಫೈನಲ್" ಎಂಬ ವಾಟ್ಸ್‌ಆ್ಯಪ್ ಸಂದೇಶವೂ ಇದ್ದರೆ, ಅದು ಬರೀ ಟೋಕನ್ ಎಂದು ನೀವು ಹೇಳಿದರೂ ನ್ಯಾಯಾಲಯ ಅದನ್ನು ಒಪ್ಪಂದವೆಂದು ನೋಡುವ ಸಾಧ್ಯತೆ ಇದೆ. 2018ರ ತಿದ್ದುಪಡಿಯ ನಂತರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಕರಾರನ್ನು ಹಾಗೆಯೇ ಜಾರಿಗೊಳಿಸುವ ಆದೇಶ ಕೊಡುವುದು ಮೊದಲಿನಂತೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ದಾವೆ ಹೂಡಲು ಅವರಿಗೆ ಮೂರು ವರ್ಷಗಳ ಕಾಲಾವಕಾಶವಿದೆ. ದಾವೆ ಬಾಕಿ ಇರುವ ಆಸ್ತಿಯನ್ನು ಯಾವ ಬ್ಯಾಂಕೂ ಅಡಮಾನಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಕೊನೆಗೆ ನೀವು ಗೆದ್ದರೂ ಅಷ್ಟು ಕಾಲ ಮನೆ ಮಾರಾಟವಾಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ನೀವು ಮೂವರಲ್ಲಿ ಒಬ್ಬರು. ಅಕ್ಕ ಮತ್ತು ತಮ್ಮನ ಪರವಾಗಿ ಬೆಲೆ ಒಪ್ಪುವ ಅಧಿಕಾರ ನಿಮಗೆ ಬರಹದಲ್ಲಿ ಇಲ್ಲದಿದ್ದರೆ ನಿಮ್ಮ ಮಾತು ನಿಮ್ಮ ಮೂರನೇ ಒಂದು ಪಾಲನ್ನು ಮಾತ್ರ ಕಟ್ಟಿಹಾಕುತ್ತದೆ, ಮತ್ತು ಅದು ಎಲ್ಲರಿಗೂ ಕೆಟ್ಟ ಸ್ಥಿತಿ. ನಿಮ್ಮ ತಮ್ಮನಿಗೆ ನೋಂದಣಿಗೆ ಬರಲಾಗದಿದ್ದರೆ ದುಬೈಯ ಭಾರತೀಯ ದೂತಾವಾಸ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳುಹಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಈ ಕೆಲಸಕ್ಕೆ ಕೊಳ್ಳುವವರು ಖಚಿತವಾಗುವವರೆಗೆ ಕಾಯಬೇಕಾಗಿಲ್ಲ.

ಮೂರನೆಯ ಪ್ರಸ್ತಾವದಲ್ಲಿರುವ ಕೀಲಿಕೈಯ ಷರತ್ತನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಲಿಖಿತ ಮತ್ತು ನೋಂದಾಯಿತ ಕರಾರಿನ ಮೇಲೆ ಸ್ವಾಧೀನ ಪಡೆದು, ತನ್ನ ಪಾಲಿನ ಕರ್ತವ್ಯ ಮಾಡಲು ಸಿದ್ಧನಿರುವ ಕೊಳ್ಳುವವನನ್ನು ಬಿಡಿಸದಂತೆ ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಮು ರಕ್ಷಿಸುತ್ತದೆ. ಸ್ವಾಧೀನ ಕೊಟ್ಟು ಮಾಡುವ ಕರಾರಿಗೆ ನಮ್ಮ ರಾಜ್ಯದಲ್ಲಿ ಕ್ರಯಪತ್ರಕ್ಕೆ ಕಟ್ಟುವಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ ಎಂಬುದು ಬಹುಶಃ ಅವರಿಗೂ ತಿಳಿದಿರಲಿಕ್ಕಿಲ್ಲ. ಹಂಚು ಇಳಿಸಿ ಮಾಡು ಬಿಚ್ಚಿದ ಮೇಲೆ ಕಂತು ನಿಂತರೆ ನಿಮ್ಮ ಬಳಿ ಉಳಿಯುವುದು 20 ಲಕ್ಷ ಮತ್ತು ಮಳೆಗೆ ತೆರೆದ ಗೋಡೆಗಳು.

ಎರಡನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ಆದಾಯ ತೆರಿಗೆ ಕಾನೂನಿನಂತೆ ನಿಷಿದ್ಧ. ದಂಡ ಸ್ವೀಕರಿಸಿದವರ ಮೇಲೆ, ಸ್ವೀಕರಿಸಿದಷ್ಟೇ ಮೊತ್ತ. ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರದಂತೆ ನಿಮ್ಮ ಆಸ್ತಿಯ ಮೌಲ್ಯ 80 ಲಕ್ಷ ಬಂದರೆ, ಪತ್ರದಲ್ಲಿ 67 ಲಕ್ಷ ಬರೆದರೂ ನಿಮ್ಮ ಲಾಭದ ಲೆಕ್ಕ 80 ಲಕ್ಷದ ಮೇಲೆಯೇ ನಡೆಯುತ್ತದೆ, ಏಕೆಂದರೆ ಶೇಕಡಾ 10ರೊಳಗಿನ ವ್ಯತ್ಯಾಸವನ್ನು ಮಾತ್ರ ಕಾನೂನು ಮನ್ನಿಸುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಿಮ್ಮ ರಸ್ತೆಯ ದರ ನೋಡಿಕೊಂಡು, ಮೂವರೊಡನೆಯೂ ಮುಂದೆ ಮಾತನಾಡುವ ಮೊದಲು ಈ ಮೌಲ್ಯವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮಣಿಪಾಲದವರೊಡನೆ ಕರಾರು ಮಾಡುವುದಾದರೆ ಸಾಲ ಮಂಜೂರಾತಿ ಪತ್ರ ತರಲು 30 ದಿನಗಳ ಗಡುವನ್ನು ಪ್ರತ್ಯೇಕವಾಗಿ ಬರೆಸಿ. ತಾರದಿದ್ದರೆ ಕರಾರು ತಾನಾಗಿ ರದ್ದಾಗಿ ಮುಂಗಡ ಹಿಂದಿರುಗುವಂತೆ ಇರಲಿ. ಬ್ಯಾಂಕು ನಿರಾಕರಿಸಿದರೆ ಹಣ ಪೂರ್ತಿ ವಾಪಸು, ಅವರೇ ಮನಸ್ಸು ಬದಲಿಸಿದರೆ ಇಂತಿಷ್ಟು ಮುಟ್ಟುಗೋಲು ಎಂದು ಎರಡನ್ನೂ ಬೇರ್ಪಡಿಸುವುದು ನ್ಯಾಯವೂ ಹೌದು, ಜಗಳವನ್ನು ತಪ್ಪಿಸುವ ದಾರಿಯೂ ಹೌದು. ಕರಾರನ್ನು ನೋಂದಾಯಿಸಿದರೆ ಅದು ನಿಮ್ಮ ಇ.ಸಿ.ಯಲ್ಲಿ ಕಾಣಿಸುತ್ತದೆ, ರದ್ದತಿ ಪತ್ರಕ್ಕೆ ಕೊಳ್ಳುವವರೂ ಬಂದು ಸಹಿ ಹಾಕಬೇಕಾಗುತ್ತದೆ. ವ್ಯವಹಾರ ಮುರಿದು ಅವರು ಫೋನ್ ಎತ್ತದಿದ್ದರೆ ಮುಂದಿನ ಕೊಳ್ಳುವವರ ಬ್ಯಾಂಕು ಆ ಒಂದು ಸಾಲಿಗಾಗಿ ಕಡತವನ್ನು ತಡೆಹಿಡಿಯುತ್ತದೆ. ಆದ್ದರಿಂದ ಮಂಜೂರಾತಿ ಪತ್ರ ಕೈಗೆ ಬರುವ ಮುನ್ನ ನೋಂದಾಯಿತ ಕರಾರಿಗೆ ಹೋಗುವ ಆತುರ ನಿಮಗೆ ಬೇಡ.

ಉತ್ತರ 3: ಕುಲಶೇಖರ, ಮಂಗಳೂರು

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪಕ್ಕದ ಜಾಗದವರನ್ನು ಇಷ್ಟು ಬೇಗ ಕೈಬಿಡಬೇಕೆಂದು ನನಗೆ ಅನಿಸುವುದಿಲ್ಲ. ಮಂಗಳೂರಿನಲ್ಲಿ ನಮ್ಮ ಮನೆಯನ್ನು ಕೊನೆಗೆ ಕೊಂಡವರು ಪಕ್ಕದವರೇ. ಗಡಿ ಎಲ್ಲಿ, ಬಾವಿ ಏಪ್ರಿಲ್‌ನಲ್ಲಿ ಬತ್ತುತ್ತದೆಯೇ, ಮಳೆನೀರು ಯಾವ ಕಡೆ ಹರಿಯುತ್ತದೆ ಎಂದು ಅವರು ಕೇಳಲೇ ಇಲ್ಲ, ಎಲ್ಲವೂ ಅವರಿಗೆ ಗೊತ್ತಿತ್ತು. ಹೊರಗಿನವರಿಗೆ ನಿಮ್ಮದು ಹತ್ತಾರು ಮನೆಗಳಲ್ಲಿ ಒಂದು. ಪಕ್ಕದವರಿಗೆ ತಮ್ಮ ಜಾಗಕ್ಕೆ ಕೂಡಿಕೊಳ್ಳುವ ಜಾಗ ಅದೊಂದೇ, ಅದು ಬೇರೆಯವರ ಪಾಲಾದರೆ ಅವರ ಆಯುಷ್ಯದಲ್ಲಿ ಮತ್ತೆ ಮಾರಾಟಕ್ಕೆ ಬರುವ ಭರವಸೆ ಇಲ್ಲ. ಹೀಗಾಗಿ ಅವರು ಹೇಳಿದ 1 ಕೋಟಿ 5 ಲಕ್ಷ ಅವರ ಕೊನೆಯ ಬೆಲೆ ಆಗಿರಲಾರದು. ಅವರಿಗೆ ಬೆಲೆ ಏರಿಸಿ ಎನ್ನುವ ಮೊದಲು ಷರತ್ತು ಬದಲಿಸಿ ಎನ್ನಿ: ಕೀಲಿಕೈ ನೋಂದಣಿಯ ದಿನವೇ, ಅವಧಿ 11 ತಿಂಗಳ ಬದಲು ನಾಲ್ಕು. ಸಾಲ ಬೇಡದ, ಪೂರ್ತಿ ಬ್ಯಾಂಕಿನ ಮೂಲಕ ಬರುವ 1 ಕೋಟಿ 7 ಲಕ್ಷ, ಮೌಲ್ಯಮಾಪಕರ ಕೃಪೆಯಲ್ಲಿರುವ 1 ಕೋಟಿ 12 ಲಕ್ಷಕ್ಕಿಂತ ಕಡಿಮೆಯೇನಲ್ಲ ಎಂಬುದು ನನ್ನ ಅಭಿಪ್ರಾಯ.

ಒಬ್ಬರ ಬೆಲೆಯನ್ನು ಇನ್ನೊಬ್ಬರಿಗೆ ಹೇಳುವ ಪ್ರಶ್ನೆ. ಬೇರೆ ಪ್ರಸ್ತಾವಗಳಿವೆ ಎಂದು ಹೇಳುವುದರಲ್ಲಿ ತಪ್ಪಿಲ್ಲ, ಅದು ನಿಜವೂ ಹೌದು. ಆದರೆ ಹೆಸರು, ಮೊತ್ತ, ಷರತ್ತುಗಳನ್ನು ಹಂಚಬೇಡಿ. ಇಲ್ಲದ ಬೆಲೆಯನ್ನಂತೂ ಹುಟ್ಟಿಸಬೇಡಿ. ಉಡುಪಿಯಂಥ ಊರಿನಲ್ಲಿ ಒಬ್ಬ ಬ್ರೋಕರ್ ಇನ್ನೊಬ್ಬನ ಭಾವನಾಗಿರುತ್ತಾನೆ, ನೀವು ಬೆಳಿಗ್ಗೆ ಹೇಳಿದ ಅಂಕಿ ಮಧ್ಯಾಹ್ನ ಕಲ್ಸಂಕದ ಹೋಟೆಲಿನಲ್ಲಿ ಚರ್ಚೆಯಾಗುತ್ತದೆ. ಇದಕ್ಕಿಂತ ಸರಳವಾದ ಮಾರ್ಗವೆಂದರೆ ನಗದಿನವರನ್ನು ಬಿಟ್ಟು ಉಳಿದ ಇಬ್ಬರಿಗೂ ಒಂದೇ ದಿನಾಂಕ ಕೊಟ್ಟು, ಅಷ್ಟರೊಳಗೆ ಕೊನೆಯ ಬೆಲೆ, ಹಣ ಬರುವ ಮೂಲ, ಬೇಕಾದ ಅವಧಿ ಇವನ್ನು ಬರಹದಲ್ಲಿ ತಿಳಿಸಿ ಎಂದು ಕೇಳುವುದು. ಬ್ರೋಕರ್‌ಗೆ ಕಮಿಷನ್ ನೋಂದಣಿಯ ದಿನ ಎಂದು ಮೊದಲೇ ಹೇಳಿಬಿಡಿ; ಟೋಕನ್‌ನ ಅವಸರ ಅರ್ಧ ಇಳಿಯುತ್ತದೆ.

ನಾಗಬನದ ವಿಷಯವನ್ನು ಬೆಲೆ ಮಾತಾಡುವ ಮುಂಚೆಯೇ ಹೇಳಬೇಕಿತ್ತು ಎಂದು ಯಾರಾದರೂ ಮುಂದೆ ಆಕ್ಷೇಪಿಸದಂತೆ, ಇಬ್ಬರಿಗೂ ಕಳುಹಿಸುವ ಈ ಪತ್ರದಲ್ಲಿಯೇ ಸೇರಿಸಿ. ಕಟ್ಟೆಯ ಉದ್ದಗಲ, ರಸ್ತೆಯಿಂದ ಅಲ್ಲಿಗೆ ಹೋಗುವ ದಾರಿಯ ಅಗಲ, ವರ್ಷದಲ್ಲಿ ಯಾವ ಸಂದರ್ಭಗಳಲ್ಲಿ ಕುಟುಂಬದವರು ಬರುತ್ತಾರೆ, ಮರ ಕಡಿಯಬಾರದೆಂಬ ಷರತ್ತಿದೆಯೇ, ಇವನ್ನೆಲ್ಲ ಒಂದು ಚಿಕ್ಕ ನಕ್ಷೆಯೊಂದಿಗೆ ಕೊಡಿ. ಕ್ರಯಪತ್ರದಲ್ಲಿ ಆ ಹಕ್ಕನ್ನು ಕಾದಿರಿಸಿದಂತೆ ಬರೆಸಿದರೆ ಮುಂದೆ ಅವರಿಂದ ಕೊಳ್ಳುವವರಿಗೂ ಅದು ತಿಳಿದಿರುತ್ತದೆ. "ಬನ ಇದ್ದರೆ ಬೇಡ" ಎನ್ನುವವರು ಈಗಲೇ ಹಿಂದೆ ಸರಿಯಲಿ. ಪಕ್ಕದವರಿಗೆ ಅದು ಹೊಸ ಸುದ್ದಿಯಲ್ಲ, ನಿಮ್ಮವರು ಪ್ರತಿವರ್ಷ ಹಾಲು, ಎಳನೀರು ಹಿಡಿದು ಬರುವುದನ್ನು ಅವರು ನೋಡಿದ್ದಾರೆ. ನಾನು ಅವರ ಕಡೆಗೆ ವಾಲುವುದಕ್ಕೆ ಇದೂ ಒಂದು ಕಾರಣ.

ಉತ್ತರ 4: ಲೆಕ್ಕಪರಿಶೋಧಕರು, ಮಂಗಳೂರು

ನಿಮ್ಮ ತಮ್ಮ ಅನಿವಾಸಿ ಎಂಬುದು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ನೀವು ಮತ್ತು ಅಕ್ಕ ನಿವಾಸಿಗಳಾದ್ದರಿಂದ ಕೊಳ್ಳುವವರು ನಿಮ್ಮ ಪಾಲುಗಳಿಂದ ಶೇಕಡಾ 1ರಷ್ಟು ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿತ ಮಾಡುತ್ತಾರೆ. ಪ್ರತಿಯೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆಯಿದ್ದರೂ ಒಟ್ಟು ಬೆಲೆ ಆ ಮಿತಿಯನ್ನು ದಾಟಿರುವುದರಿಂದ ಇದು ತಪ್ಪುವುದಿಲ್ಲ. ತಮ್ಮನ ಪಾಲಿನ ಮೇಲೆ ದೀರ್ಘಾವಧಿ ಲಾಭದ ದರವಾದ ಶೇಕಡಾ 12.5 ಮತ್ತು ಸೆಸ್ ಸೇರಿ 13ರಷ್ಟು ಕಡಿತವಾಗುತ್ತದೆ, ಅದೂ ಲಾಭದ ಮೇಲಲ್ಲ, ರೂಢಿಯಲ್ಲಿ ಇಡೀ ಪಾಲಿನ ಮೇಲೆ. 1 ಕೋಟಿ 12 ಲಕ್ಷದಲ್ಲಿ ಅವರ ಪಾಲು 37 ಲಕ್ಷದ 33 ಸಾವಿರ ಎಂದಾದರೆ ಸುಮಾರು 4 ಲಕ್ಷದ 85 ಸಾವಿರ ಮೊದಲೇ ಹೋಗುತ್ತದೆ. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಆದರೆ ಅರ್ಜಿಗೆ ಕೊಳ್ಳುವವರ ವಿವರ ಮತ್ತು ಕರಾರು ಬೇಕು, ಬರಲು ವಾರಗಳು ಹಿಡಿಯುತ್ತವೆ. ಹಾಗಾಗಿ ಮೂರು ವಾರದಲ್ಲಿ ನೋಂದಣಿ ಎಂಬ ಆಮಿಷ ನಿಮ್ಮ ಕುಟುಂಬಕ್ಕೆ ಅನುಕೂಲವೇ ಅಲ್ಲ, 90 ದಿನ ಅಥವಾ ನಾಲ್ಕು ತಿಂಗಳೇ ಸೂಕ್ತ.

ಮತ್ತೊಂದು ವ್ಯತ್ಯಾಸ: 2024ರ ಜುಲೈ 23ಕ್ಕಿಂತ ಮೊದಲು ಬಂದ ಆಸ್ತಿಯಾದ್ದರಿಂದ ನೀವಿಬ್ಬರು ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲೆಕ್ಕ ಹಾಕುವುದು) ಇಲ್ಲದೆ 12.5 ಅಥವಾ ಇಂಡೆಕ್ಸೇಷನ್ ಸಹಿತ 20 ಶೇಕಡಾ, ಇವುಗಳಲ್ಲಿ ಕಡಿಮೆ ಬೀಳುವುದನ್ನು ಕಟ್ಟಬಹುದು. ಅನಿವಾಸಿಗೆ ಆ ಆಯ್ಕೆ ಇಲ್ಲ. ಮೂವರೂ ಸಮಪಾಲು ಎಂದರೆ ಕೈಗೆ ಬರುವುದು ಸಮವಾಗಿರುವುದಿಲ್ಲ ಎಂಬುದನ್ನು ತಮ್ಮನಿಗೆ ಬೆಲೆ ಒಪ್ಪುವ ಮೊದಲೇ ತಿಳಿಸಿ.

ಕುಂಜಿಬೆಟ್ಟು ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಗದಿನ ಪ್ರಸ್ತಾವವನ್ನು ಬೇಡವೆಂದು ತಿಳಿಸಿದ್ದೇನೆ. ಉಳಿದ ಇಬ್ಬರಿಗೂ ಕಳುಹಿಸಬೇಕೆಂದು ಹೀಗೆ ಬರೆದಿದ್ದೇನೆ: "ನಿಮ್ಮ ಬೆಲೆಯನ್ನು ನಾವು ತಾತ್ವಿಕವಾಗಿ ಒಪ್ಪಿದ್ದೇವೆ. ಈ ತಿಂಗಳ 30ರೊಳಗೆ ನಿಮ್ಮ ಅಂತಿಮ ಮೊತ್ತ, ಹಣದ ಮೂಲ ಮತ್ತು ಅವಧಿಯನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ. ನಾಗಬನದ ವಿವರ ಲಗತ್ತಿಸಿದೆ." ಇದರಲ್ಲಿ ತೊಂದರೆ ಏನಾದರೂ ಇದೆಯೇ?

ವಕೀಲರು, ಉಡುಪಿ

ಮೊದಲ ವಾಕ್ಯವನ್ನು ಪೂರ್ತಿ ತೆಗೆಯಿರಿ. ಒಂದೇ ಮನೆಗೆ ಇಬ್ಬರಿಗೆ "ಒಪ್ಪಿದ್ದೇವೆ" ಎಂದು ಬರೆದುಕೊಟ್ಟಂತೆ ಆಗುತ್ತದೆ, "ತಾತ್ವಿಕವಾಗಿ" ಎಂಬುದು ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಅದರ ಬದಲು "ನಿಮ್ಮ ಪ್ರಸ್ತಾವ ನಮ್ಮ ಪರಿಶೀಲನೆಯಲ್ಲಿದೆ; ಮೂವರು ಮಾಲೀಕರೂ ಲಿಖಿತ ಕರಾರಿಗೆ ಸಹಿ ಹಾಕುವವರೆಗೆ ಯಾವುದೇ ಒಪ್ಪಂದ ಆಗಿರುವುದಿಲ್ಲ" ಎಂದು ಬರೆಯಿರಿ. ಅಕ್ಕ ಮತ್ತು ತಮ್ಮನ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದ ಮೇಲೆಯೇ ಕಳುಹಿಸಿ. ಬ್ರೋಕರ್ ಬಳಿ ನಿಮ್ಮ ಖಾತೆಯ ಸಂಖ್ಯೆಯೋ ಯುಪಿಐ ವಿಳಾಸವೋ ಇದ್ದರೆ ಕೇಳದೆಯೇ ಒಂದು ಲಕ್ಷ ಬಂದು ಬೀಳಬಹುದು. ಹಾಗಾದರೆ ಅದೇ ದಿನ, ಬಂದ ಖಾತೆಗೇ ಹಿಂದಿರುಗಿಸಿ, ಕರಾರು ಆಗದಿರುವುದರಿಂದ ಮರಳಿಸಿದೆ ಎಂದು ಒಂದು ಸಾಲಿನ ಸಂದೇಶವನ್ನೂ ಹಾಕಿ.